ಪೂಜೆಗೆ ಮುಂಚಿನ ಗುಳಿಗೆ

ನಾನು ಮಾಡುವ ಕೆಲಸ ಏನೆಂದು ನಮ್ಮವ್ವನಿಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ನಿಟ್ಟುವಳ್ಳಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅಕ್ಕಪಕ್ಕದ ಹೆಂಗಸರೆಲ್ಲ ಇರುವಾಗಲೇ ಕೇಳುತ್ತಿದ್ದಳು: “ಕಾಯ್ಲೆ ಬಿದ್ದೋರ್ನ ನೋಡ್ಕಳ್ಳಾಕೆ ನರ್ಸ್ ಬೇಕು, ಸರಿ. ವಾಸಿ ಆದೋರ್ನ ನೋಡ್ಕಳ್ಳಾಕೂ ನರ್ಸಾ? ಅದಕ್ಕೂ ಸಂಬಳಾನಾ?” ಮಗಳು ಯಾರಿಗೋ ಟೋಪಿ ಹಾಕಿ ದುಡ್ಡು ತರುತ್ತಿದ್ದಾಳೆ ಎಂಬ ಅನುಮಾನ ಅವಳ ದನಿಯಲ್ಲೇ ಇರುತ್ತಿತ್ತು. ಕಟ್ಟೆಯವರು ನನ್ನ ಮುಖ ನೋಡಿ ಮುಸಿಮುಸಿ ನಗುತ್ತಿದ್ದರು.

ದಾವಣಗೆರೆಯ ಒಂದು ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ನಾನು ಸಿಸ್ಟರ್. ಇಮ್ಯುನೋಥೆರಪಿ ಎಂಬ ಚಿಕಿತ್ಸೆ ತೆಗೆದುಕೊಂಡು, ಗುಣವಾಗಿ, ವರ್ಷಗಟ್ಟಲೆ ಓಡಾಡಿಕೊಂಡಿರುವವರ ಬೆನ್ನು ಬಿಡದೆ ಕಾಡುವುದು ನನ್ನ ಪಾಲಿಗೆ ಬಂದ ಕೆಲಸ. ಈ ಔಷಧ ತಾನೇ ಹೋಗಿ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ನಮ್ಮ ಮೈಯೊಳಗೇ ತೂಕಡಿಸುತ್ತಿರುವ ಕಾವಲುನಾಯಿಯನ್ನು ಎಬ್ಬಿಸಿ ಛೂ ಬಿಡುತ್ತದೆ. ಕಳ್ಳನನ್ನೇನೋ ನಾಯಿ ಓಡಿಸುತ್ತದೆ. ಆದರೆ ಕೆಲವರಲ್ಲಿ ಅದು ಆಮೇಲೂ ಸುಮ್ಮನಾಗದೆ ಹಾಲಿನವನ ಮೇಲೆ, ನೆಂಟರ ಮೇಲೆ, ಕೊನೆಗೆ ಅನ್ನ ಹಾಕುವ ಯಜಮಾನನ ಮೇಲೇ ಎಗರುತ್ತದೆ. ಥೈರಾಯ್ಡ್ ಕೆಡುತ್ತದೆ, ಕರುಳು ಕೆಡುತ್ತದೆ, ಮೈತುಂಬ ತುರಿಕೆ ಏಳುತ್ತದೆ. ಅದೂ ಕೆಲವೊಮ್ಮೆ ಔಷಧ ನಿಲ್ಲಿಸಿ ಎಷ್ಟೋ ಕಾಲವಾದ ಮೇಲೆ, ಎಲ್ಲರೂ ಮರೆತು ಹಾಯಾಗಿರುವಾಗ. ಅದಕ್ಕೇ ನಾನು ಫೋನ್ ಮಾಡುತ್ತೇನೆ, ಸ್ಕೂಟರ್ ಹತ್ತಿ ಮನೆಗಳಿಗೆ ಹೋಗುತ್ತೇನೆ, ಹೊಟ್ಟೆ ಕೆಟ್ಟು ಎಷ್ಟು ಸಲ ಹೊರಗೆ ಹೋದಿರಿ ಎಂದು ಮರ್ಯಾದಸ್ಥರನ್ನು ಮುಜುಗರವಿಲ್ಲದೆ ಕೇಳುತ್ತೇನೆ.

ನಮ್ಮ ಕಡೆಯವರಲ್ಲಿ ಒಂದು ದೊಡ್ಡ ರೋಗವಿದೆ, ಅದಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಹೆಂಗದೀರಿ ಅಂದರೆ “ಆರಾಮ್ ರಿ” ಅನ್ನುವುದು. ಮಲೆಬೆನ್ನೂರಿನ ಒಬ್ಬ ಭತ್ತದ ವ್ಯಾಪಾರಿ ಐಸಿಯುನಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಾಗಲೂ ನನಗೆ “ಆರಾಮ್ ಸಿಸ್ಟರ್, ನೀವು ಆರಾಮಾ? ಕೂಡ್ರಿ” ಅಂದಿದ್ದರು. ಇಂಥವರಿಂದ ನಿಜ ಹೊರಡಿಸಬೇಕಾದರೆ ಪೊಲೀಸರ ಬುದ್ಧಿ ಬೇಕು. ನಾನು ನೇರ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೇನೆ. ಸಂಜೆ ಮಂಡಕ್ಕಿ ಜೊತೆ ಮಿರ್ಚಿ ತಿಂದಿರಾ ಅಂತ ಕೇಳುತ್ತೇನೆ. ದಾವಣಗೆರೆಯ ಗಂಡಸು ಮಿರ್ಚಿ ಬ್ಯಾಡ ಅಂದನೆಂದರೆ ರಕ್ತ ಪರೀಕ್ಷೆಗೆ ಬರೆದುಬಿಡಬಹುದು.

ಆದರೆ ಹರಿಹರದ ಅಮ್ಮನ ಮುಂದೆ ನನ್ನ ಪೊಲೀಸ್ ಬುದ್ಧಿ ಏನೂ ನಡೆಯಲಿಲ್ಲ.

ಅವರದು ತಲೆತಲಾಂತರದಿಂದ ಅಕ್ಕಿ ವ್ಯಾಪಾರ ಮಾಡಿಕೊಂಡು ಬಂದ ತುಂಬಿದ ಮನೆ. ಯಜಮಾನರು, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳು. ಅಷ್ಟೂ ಜನರ ಮೇಲೆ ಅಮ್ಮನ ದರಬಾರು. ಶ್ವಾಸಕೋಶದ ಕ್ಯಾನ್ಸರ್ ಬಂದು, ಇಮ್ಯುನೋಥೆರಪಿಯಿಂದ ಗೆದ್ದು, ಸ್ಕ್ಯಾನಿನಲ್ಲಿ ಹುಡುಕಿದರೂ ಗಡ್ಡೆ ಕಾಣದಂತಾಗಿತ್ತು. ಜಗಳವೆಂದರೆ ಅಮ್ಮನಿಗೆ ಹೋಳಿಗೆಗಿಂತ ಇಷ್ಟ. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಬಾಗಿಲಲ್ಲೇ ನಿಲ್ಲಿಸಿ, “ದಾವಣಗೇರಿಯಿಂದ ಸ್ಕೂಟರ್ ಮ್ಯಾಲೆ ಬಂದ್ಯಾ? ಮದುವಿ ಆಗಿಲ್ಲೇನು? ಯಾಕಾಗಿಲ್ಲ?” ಎಂದು ಕೇಳಿದ್ದರು. ಬಿಪಿ ನೋಡಲು ನಾನು ಹೋದದ್ದು, ನನ್ನ ಬಿಪಿ ಏರಿತು.

ಆ ಔಷಧ ಅಮ್ಮನ ಮೈಯಲ್ಲಿ ಒಂದು ಹಾನಿ ಮಾಡಿ ಹೋಗಿತ್ತು. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಕೂತಿರುವ ಪುಟ್ಟ ಗ್ರಂಥಿಯೊಂದಿದೆ. ಮೈಗೆ ಕಸುವು ಕೊಡುವ ರಸ ಅಲ್ಲಿಂದ ಬರಬೇಕು. ಅಮ್ಮನಲ್ಲಿ ಅದು ಶಾಶ್ವತವಾಗಿ ಸುಮ್ಮನಾಗಿತ್ತು. ಅದರ ಬದಲಿಗೆ ಒಂದು ಸಣ್ಣ ಗುಳಿಗೆ, ಬೆಳಿಗ್ಗೆ ಎದ್ದ ತಕ್ಷಣ, ಬದುಕಿರುವವರೆಗೂ. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಸೂಜಿ ಚುಚ್ಚಿ ನೇರ ಆಸ್ಪತ್ರೆಗೆ. ತಪ್ಪಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಇಷ್ಟನ್ನು ನಾನು ಆ ಮನೆಯ ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದ್ದೆ. ಅಮ್ಮ ಗಂಭೀರವಾಗಿ ತಲೆಯಾಡಿಸಿದ್ದರು. ಅವರು ತಲೆಯಾಡಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಪ್ರತಿ ವಾರ ಫೋನಿನಲ್ಲಿ ಕೇಳುತ್ತಿದ್ದೆ, “ಎದ್ದ ಕೂಡಲೇ ಗುಳಿಗೆ ತಗೊಂಡ್ರಾ ಅಮ್ಮಾ?”

“ತಗಂಡೆ ಕಣವ್ವ. ತಗಳ್ದೆ ಬಿಡ್ತೀಯಾ ನೀನು?”

ಹಾಗಿದ್ದರೂ ಬೆಳಗಿನ ಹೊತ್ತು ತಲೆ ಸುತ್ತು, ಹೊಟ್ಟೆ ತೊಳಸು ಎಂದು ಕಿರಿ ಸೊಸೆ ಗುಟ್ಟಾಗಿ ಹೇಳುತ್ತಿದ್ದಳು. ಒಂದು ದಿನ ಹೇಳದೆ ಕೇಳದೆ ಬೆಳ್ಳಂಬೆಳಿಗ್ಗೆ ಹರಿಹರಕ್ಕೆ ಹೋಗಿ ಅವರ ಅಡುಗೆಮನೆಯ ಬಾಗಿಲಲ್ಲಿ ಕೂತುಬಿಟ್ಟೆ. ಅಮ್ಮ ಎದ್ದೇ ಇದ್ದರು. ಸೊಸೆಯರು ಕಸ ಗುಡಿಸಿದ್ದು ಸರಿಯಿಲ್ಲ ಎಂದು ಮತ್ತೊಮ್ಮೆ ಗುಡಿಸಿದರು, ಸ್ನಾನ ಮಾಡಿದರು, ಮಡಿ ಉಟ್ಟರು. ಗುಳಿಗೆ ಮಾತ್ರ ಕಪಾಟಿನಲ್ಲೇ ಇತ್ತು.

“ಲಿಂಗಪೂಜಿ ಆಗ್ದೆ ಹನಿ ನೀರು ಬಾಯಿಗೆ ಹಾಕಲ್ಲ ನಾನು,” ಎಂದರು. ನನಗೆ ಅಷ್ಟೂ ಗೊತ್ತಿಲ್ಲವೇ ಎಂಬಂತೆ.

“ಮತ್ತೆ ಪೂಜೆ ಮಾಡಿ, ಬೇಗ.”

“ಯಜಮಾನ್ರದು ಆಗ್ಬೇಕು ಮೊದ್ಲು.”

ಯಜಮಾನರು ಪೂಜೆಗೆ ಕೂತರೆ ಏಳುತ್ತಿರಲಿಲ್ಲ. ಆ ಮನೆಯಲ್ಲಿ ಅವರನ್ನು ಯಾರೂ ಕೆಲಸಕ್ಕೆ ಕರೆಯದ ಹೊತ್ತು ಅದೊಂದೇ. ಅವರದು ಮುಗಿದ ಮೇಲೆ ಹೂವಿನವನು ಬರಬೇಕು. ಅವನು ಬೀದಿಯಲ್ಲೆಲ್ಲ ಹರಟೆ ಹೊಡೆದು ಬರುವ ಹೊತ್ತಿಗೆ ಬಿಸಿಲು ಅಂಗಳಕ್ಕೆ ಬಂದಿರುತ್ತಿತ್ತು. ಆಮೇಲೆ ಅಮ್ಮ ತಮ್ಮ ಅತ್ತೆಯ ಕಾಲದ ಮಣೆ ಹಾಕಿಕೊಂಡು, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂರುತ್ತಿದ್ದರು. ಅವರ ಲೆಕ್ಕದಲ್ಲಿ ಬೆಳಗಾಗುವುದೇ ಆವಾಗ. ಅದಾದ ತಕ್ಷಣ ಗುಳಿಗೆ. ಫೋನಿನಲ್ಲಿ ತಾವು ಸುಳ್ಳು ಹೇಳುತ್ತಿರಲಿಲ್ಲ ಎಂದು ಅಮ್ಮ ಈಗಲೂ ವಾದಿಸುತ್ತಾರೆ.

“ಔಷಧಕ್ಕೆ ದೋಷವಿಲ್ಲ ಅಮ್ಮಾ” ಅಂದೆ. “ಯಾರು ಹೇಳಿದ್ದು, ನಿಮ್ಮ ಡಾಕ್ಟ್ರಾ? ಅವ್ರ ಕೊರಳಾಗ ಲಿಂಗ ಐತೇನು?” ಅಂದರು. ಸರಿ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದುಕೊಂಡು, ಆ ಮನೆಗೆ ಪೂಜೆಪುನಸ್ಕಾರಕ್ಕೆ ಬಂದು ಹೋಗುವ ವಯಸ್ಸಾದ ಅಯ್ಯನವರನ್ನು ಹುಡುಕಿ ವಿಷಯ ತಿಳಿಸಿ ಕರೆದುಕೊಂಡು ಬಂದೆ. ಅಯ್ಯನವರು ಒಳ್ಳೆಯವರು. ಪ್ರಾಣ ಉಳಿಸುವ ಗುಳಿಗೆ ಮೊದಲು ತಗೊಂಡರೆ ಏನೂ ದೋಷವಿಲ್ಲ ತಾಯಿ ಎಂದು ಸ್ಪಷ್ಟವಾಗಿ ಹೇಳಿದರು. ನಾನು ಗೆದ್ದೆ ಅಂತ ಸೆರಗು ಸರಿಮಾಡಿಕೊಂಡೆ.

ಅಮ್ಮ ಅವರಿಗೆ ಕೈಮುಗಿದರು. “ನೀವು ಹೇಳಿದ್ಮ್ಯಾಲೆ ಸೈ ಬುದ್ಧೀ. ಆದ್ರೆ ನಮ್ಮತ್ತಿ ಸಾಯೋ ದಿನಾನೂ ಪೂಜಿ ಆಗ್ದೆ ನೀರು ಮುಟ್ಟಿಲ್ಲ. ಮ್ಯಾಲೆ ಹೋದಾಗ ನನ್ನ ಹಿಡ್ಕಂಡು ಕೇಳ್ತಾರೆ. ಅವ್ರಿಗೂ ಒಂದ್ಮಾತು ನೀವೇ ಹೇಳಿ ಒಪ್ಪಿಸ್ರಿ.” ಅಷ್ಟು ಹೇಳಿ ಎಲೆಗೆ ಹೋಳಿಗೆ ಬಡಿಸಿ ಮೇಲೆ ತುಪ್ಪ ಸುರಿದರು. ಅಯ್ಯನವರು ಹೋಳಿಗೆ ನೋಡಿದರು, ಗೋಡೆಯ ಮೇಲಿದ್ದ ಅತ್ತೆಯ ಫೋಟೋ ನೋಡಿದರು. “ಹಿರೇರ ಮಾತೂ ತಗದುಹಾಕಂಗಿಲ್ಲ ಬಿಡ್ರಿ” ಅಂದರು. ನಾನು ಬಾಯಿ ಮುಚ್ಚಿಕೊಂಡು ಹೋಳಿಗೆ ತಿಂದೆ.

ಇನ್ನು ಉಳಿದದ್ದು ಸೂಜಿಯ ತರಬೇತಿ. ಗುಳಿಗೆಯ ಭರವಸೆ ಇಲ್ಲದ ಮೇಲೆ ಮನೆಯವರಿಗಾದರೂ ತುರ್ತಿನ ಸೂಜಿ ಚುಚ್ಚಲು ಬರಬೇಕಲ್ಲ. ಗಂಡುಮಕ್ಕಳಿಬ್ಬರೂ ಸೂಜಿ ನೋಡಿದ ಕೂಡಲೇ ಅಂಗಡಿ ನೆನಪಾಗಿ ಎದ್ದುಹೋದರು. ಕಿರಿ ಸೊಸೆ ಮುಂದೆ ಬಂದಳು. ಬದನೆಕಾಯಿಗೆ ಶುದ್ಧ ನೀರು ಚುಚ್ಚಿಸಿ ಕಲಿಸಿದೆ. ಅವಳು ಎಂಥ ಉತ್ಸಾಹದಿಂದ ಚುಚ್ಚಿದಳೆಂದರೆ ಹಿರಿ ಸೊಸೆ ನಗು ತಡೆಯಲಾರದೆ ಹಿತ್ತಲಿಗೆ ಓಡಿದಳು. ಅಮ್ಮ ಎಲ್ಲವನ್ನೂ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. “ಬದ್ನೀಕಾಯಿ ಮುಖದಾಗ ನನ್ನ ಮುಖ ಕಾಣ್ತೈತೇನೆ ನಿನಗೆ?” ಎಂದು ಕೇಳಿದರು. ಚುಚ್ಚಿದ ಕಾಯಿಗಳನ್ನು ಬಿಸಾಡಲೂ ಬಿಡಲಿಲ್ಲ. ಎಣ್ಣೆಗಾಯಿ ಮಾಡಿಸಿ, ರೊಟ್ಟಿ ಜೊತೆ ನನಗೇ ಬಡಿಸಿದರು.

ಇದಾಗಿ ಸ್ವಲ್ಪ ಕಾಲಕ್ಕೆ ಅವರ ಕಿರಿಮಗ ಮುಂದೆ ಮಕ್ಕಳ ಓದಿಗೆ ಬೇಕಾಗುತ್ತದೆಂದು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ನನ್ನನ್ನೂ ಕರೆದರು. ಅಮ್ಮನೇ ಫೋನ್ ಮಾಡಿ, “ಬರೀಗೈಲಿ ಬಾ. ಗೋಡಿ ಗಡಿಯಾರ ಮಾತ್ರ ತರಬ್ಯಾಡ, ನೆಂಟ್ರೆಲ್ಲ ಅದನ್ನೇ ತರ್ತಾರೆ” ಎಂದು ಆಜ್ಞೆ ಮಾಡಿದ್ದರು. ನಾನು ರೇಷ್ಮೆ ಸೀರೆ ಉಟ್ಟು, ಅವ್ವನಿಂದ ಹೂ ಮುಡಿಸಿಕೊಂಡು, ಊಟದ ಹೊತ್ತಿಗೆ ಸರಿಯಾಗಿ ಹೋದೆ. ಜಗಳಕ್ಕೂ ತಯಾರಾಗಿಯೇ ಹೋಗಿದ್ದೆ.

ಅಮ್ಮ ಹೊಸ ನಡುಮನೆಯ ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಹತ್ತಿರ ಹೋಗಿ, “ಏನಮ್ಮಾ, ಅಡುಗೆಯವರ ಹೋಳಿಗೆ ನಿಮ್ಮ ಹೋಳಿಗೆಗಿಂತ ಭಾರಿ ಮೆತ್ತಗೈತಂತೆ” ಅಂದೆ.

“ಹೂಂ. ಚೆನ್ನಾಗೈತೆ” ಅಂದರು.

ನನಗೆ ಕೇಳಿದ್ದು ನಂಬಿಕೆಯಾಗಲಿಲ್ಲ. ಇನ್ನೊಮ್ಮೆ ಕೆಣಕಿದೆ. “ಹಸಿರು ಸೀರೆಗೆ ಈ ಕೆಂಪು ಕುಪ್ಪಸ ಯಾರು ಆರಿಸಿದ್ದು? ಚೂರೂ ಒಪ್ಪಲ್ಲ.”

“ಹೌದೇನು? ಆಗ್ಲಿ ಬಿಡವ್ವ, ನೀ ಹೇಳಿದಂಗೆ.”

ಹರಿಹರದ ಅಮ್ಮ ಆಗ್ಲಿ ಬಿಡವ್ವ ಅನ್ನುವುದೇ? ಕೈ ಹಿಡಿದು ನೋಡಿದೆ, ತಣ್ಣಗೆ ಬೆವೆತಿತ್ತು. ನಾಡಿ ನೂಲೆಳೆಯಂತೆ ಸಣ್ಣಗೆ ಓಡುತ್ತಿತ್ತು. ಗುಳಿಗೆ ತಗೊಂಡ್ರಾ ಎಂದು ಕೇಳಿದೆ. ಹೊಸಮನೆಯ ಪೂಜೆ, ಹೋಮ ಎಲ್ಲ ಮುಗಿದ ಮೇಲೆ ತಮ್ಮ ಲಿಂಗಪೂಜೆ, ಅದಾದ ಮೇಲೆ ಗುಳಿಗೆ ಎಂದು ಪಿಸುಗುಟ್ಟಿದರು. ಹೊತ್ತು ನೆತ್ತಿಗೆ ಬಂದಿತ್ತು. ನಾನು ಕಿವಿಯನ್ನು ಅವರ ಬಾಯಿಗೇ ಹಿಡಿದು ಕೇಳಿದಾಗ ಮಿಕ್ಕದ್ದೂ ಹೊರಬಂತು: “ನಿನ್ನಿಯಿಂದ ವಾಂತಿ, ಭೇದಿ. ಯಾರ್ಗೂ ಹೇಳಬ್ಯಾಡ. ಮಗನ ಮನಿ ಶುಭಕಾರ್ಯ.”

ಕಿರಿ ಸೊಸೆಯನ್ನು ಕೂಗಿದೆ. ಅವಳು ಆರತಿ ತಟ್ಟೆ ಯಾರ ಕೈಗೋ ಕೊಟ್ಟು ಓಡಿ ಬಂದಳು. ತರಬೇತಿಯ ದಿನ ನಾನು ಕೊಟ್ಟಿದ್ದ ಸೂಜಿ, ಔಷಧದ ಡಬ್ಬಿ ಹರಿಹರದಲ್ಲೇ ಉಳಿದಿದ್ದರೆ ಏನು ಗತಿ ಎಂದು ನಾನು ಹೆದರುತ್ತಿದ್ದೆ. ಅವಳು ಸೊಂಟದಿಂದ ಜರಿ ಚೀಲ ಬಿಚ್ಚಿದಳು. ಕುಂಕುಮದ ಭರಣಿ, ಬೀಗದಕೈ, ಅದರ ಕೆಳಗೆ ಡಬ್ಬಿ. ಇಬ್ಬರೂ ಅಮ್ಮನನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ, ಉಡುಗೊರೆಯ ಗೋಡೆ ಗಡಿಯಾರಗಳನ್ನು ಪಕ್ಕಕ್ಕೆ ತಳ್ಳಿ ಮಂಚದ ಮೇಲೆ ಮಲಗಿಸಿದೆವು.

“ಸಿಸ್ಟರ್, ನಾನೇ ಚುಚ್ತೀನಿ” ಅಂದಳು ಸೊಸೆ. ಅವಳ ಕಣ್ಣಲ್ಲಿ ನೀರಿತ್ತು. ಬದನೆಕಾಯಿಯ ದಿನದ ಉತ್ಸಾಹದ ಸುಳಿವೂ ಇರಲಿಲ್ಲ. ಆದರೂ ಔಷಧ ಬೆರೆಸಿ, ಗಾಳಿ ಹೊರಡಿಸಿ, ಅತ್ತೆಯ ತೊಡೆಗೆ ಸರಿಯಾಗಿ ಚುಚ್ಚಿದಳು. ಅತ್ತೆ ಬಾಯಿಬಿಟ್ಟು ಒಂದು ಬೈಗುಳವನ್ನೂ ಬೈಯಲಿಲ್ಲ. ಅದನ್ನು ನೋಡಿ ಸೊಸೆಗೆ ಅಳು ಇನ್ನೂ ಜೋರಾಯಿತು.

ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ಯಜಮಾನರು ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಮನುಷ್ಯ ನನ್ನೊಡನೆ ಅದುವರೆಗೆ ಬರ್ರಿ, ಹೋಗಿಬರ್ರಿ ಬಿಟ್ಟು ಬೇರೆ ಮಾತಾಡಿದವರಲ್ಲ. “ಸಿಸ್ಟರ್, ಬೈಸಿಕಂಡು ಬೈಸಿಕಂಡು ರೂಢಿ ಆಗೈತ್ರಿ. ಆಕಿ ಸುಮ್ಮನಾದ್ರೆ ನಾ ಹೆಂಗಿರ್ಲಿ?” ಎಂದು ಕೇಳಿದರು. ಡ್ರೈವರಿಗೆ ಬೇಗ ಹೋಗಪ್ಪ ಎಂದು ಗದರಿದೆ.

ಡ್ರಿಪ್ಪು, ಔಷಧ ಎಲ್ಲ ಹೋದ ಮೇಲೆ ಸಂಜೆಯ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟರು. ಮೊದಲು ಕೇಳಿದ್ದು, “ಬಾಯಿಗೇನಾದ್ರೂ ಹಾಕಿದ್ರಾ?”

“ಇಲ್ಲ. ತೊಡೆಗೆ ಚುಚ್ಚಿದ್ದು.”

“ಹಂಗಾದ್ರೆ ನೇಮ ಕೆಟ್ಟಿಲ್ಲ ಬಿಡು.” ಮುಖದ ಮೇಲೆ ಗೆಲುವು ಬಂತು. “ದಿನಾ ಬೆಳಿಗ್ಗೆ ಸೂಜೀನೇ ಹಾಕ್ರಿ. ಗುಳಿಗಿ ರಗಳೇನೇ ಬ್ಯಾಡ.” ಕಿರಿ ಸೊಸೆ ಕಣ್ಣೊರೆಸಿಕೊಂಡು, “ನಾನು ತಯಾರದೀನಿ ಅತ್ತೀ” ಅಂದಳು.

ನನಗೆ ನಗು ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಸೊಸೆಯನ್ನು ಕಾಫಿಗೆ ಕಳಿಸಿ ಬಾಗಿಲು ಹಾಕಿ ಬಾಯಿಗೆ ಬಂದಂತೆ ಬೈದೆ. ಕ್ಯಾನ್ಸರನ್ನೇ ಗೆದ್ದವರು ಗೃಹಪ್ರವೇಶದ ದಿನ ಗುಳಿಗೆ ತಗೊಳ್ಳದೆ ಸಾಯುತ್ತಿದ್ದಿರಿ, ಮಗನ ಹೊಸಮನೆಯಿಂದ ಮೊದಲು ಹೊರಡುವುದು ನಿಮ್ಮ ಹೆಣ ಆಗುತ್ತಿತ್ತು ಅಂದೆ. ಅನ್ನಬಾರದ ಮಾತು. ನನಗೆ ತುಂಬ ಹೆದರಿಕೆಯಾಗಿತ್ತು, ಅದನ್ನೂ ಹೇಳಿದೆ.

ಅಮ್ಮ ತಿರುಗಿ ಬೈಯಲಿಲ್ಲ. ಡ್ರಿಪ್ಪಿನ ಹನಿ ನೋಡುತ್ತ ಹೇಳಿದರು: “ರೋಗ ಇದ್ದಾಗ ಕೂಡ್ರಾಕೂ ಆಗ್ತಿರ್ಲಿಲ್ಲ ನಂಗೆ. ಎಷ್ಟೋ ದಿನ ಪೂಜಿ ತಪ್ಪಿತ್ತು. ಲಿಂಗ ಕೊರಳಾಗ ಇದ್ರೂ ಎತ್ತಿ ಅಂಗೈಯಾಗ ಇಟ್ಕಳ್ಳಾಕೆ ಕೈಯಾಗ ಬಲ ಇಲ್ಲ. ಅವತ್ತು ದೇವ್ರಿಗೆ ಅಂದೆ, ನೀ ಬದುಕಿಸಿದ್ರೆ ಇನ್ಮ್ಯಾಲೆ ನಿನ್ನ ಬಿಟ್ಟು ಮೊದ್ಲು ಏನನ್ನೂ ಮುಟ್ಟಲ್ಲ ಅಂತ. ನಿಮ್ಮ ಔಷಧಿ ಬದುಕಿಸ್ತು, ಇಲ್ಲ ಅನ್ನಲ್ಲ. ಆದ್ರೆ ನಾನು ಮಾತು ಕೊಟ್ಟಿದ್ದು ಅಲ್ಲಿ.”

ಇಷ್ಟು ಕಾಲ ಇದನ್ನು ಹಠವೆಂದು ತಿಳಿದಿದ್ದೆ. ಕೊಟ್ಟ ಮಾತಿನ ಎದುರು ಏನು ವಾದ ಮಾಡುವುದು? ಅವತ್ತು ಸೋತು ಮನೆಗೆ ಬಂದು, ರೇಷ್ಮೆ ಸೀರೆಯಲ್ಲೇ ಮಲಗಿಬಿಟ್ಟೆ.

ಮರುದಿನ ಬೆಳಗಿನ ಪಾಳಿಗೆ ಹೋಗಿ ಅಮ್ಮನ ಕೋಣೆಯ ಬಾಗಿಲು ತಳ್ಳಿದಾಗ ಕಿಟಕಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಆಯಾ ಬಿಸಿನೀರಿನಲ್ಲಿ ಮೈ ಒರೆಸಿಕೊಟ್ಟಿದ್ದಳಂತೆ. ಅಮ್ಮ ಆಸ್ಪತ್ರೆಯ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಮಣೆಯಿಲ್ಲ, ಹೂವಿಲ್ಲ. ಪಕ್ಕದಲ್ಲಿ ಆಸ್ಪತ್ರೆಯ ಸ್ಟೀಲ್ ಲೋಟದಲ್ಲಿ ನೀರು. ನಾನು ಬಾಗಿಲಲ್ಲೇ ನಿಂತೆ. ಪೂಜೆ ಮುಗಿಸಿ, ಲಿಂಗಕ್ಕೆರೆದ ಪಾದೋದಕವನ್ನು ಅಂಗೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ನನ್ನತ್ತ ಚಾಚಿದರು.

“ಏನು ಗೊಂಬಿ ನಿಂತಂಗೆ ನಿಂತೀಯಾ? ಗುಳಿಗಿ ಕೊಡು.”

ಕೊಟ್ಟೆ. ಆ ನೀರಿನಲ್ಲೇ ನುಂಗಿದರು. ಆಮೇಲೆ ತಮಗೇ ನಗು ಬಂತು. “ದೇವ್ರು ಕೊರಳಾಗೇ ಅದಾನೆ. ಎದ್ದ ಕೂಡ್ಲೇ ಸಿಗ್ತಾನೆ. ತಡ ಮಾಡ್ತಿದ್ದೋನು ಆ ಹೂವಿನವ್ನು ಕಣೇ. ಅವನ್ನ ಕಾಯ್ಕಂತ ನಾ ಸಾಯ್ತಿದ್ದೆ ನೋಡು.” ನಾನು ಅಯ್ಯನವರನ್ನು ಕರೆತಂದು, ಹೋಳಿಗೆ ತಿಂದು, ವಾದ ಮಾಡಿ ಸಾಧಿಸಲಾಗದ್ದನ್ನು ಹೂ ಸಿಗದ ಒಂದು ಬೆಳಗು ಮಾಡಿತ್ತು. ಈಗಲೂ ಹರಿಹರದಲ್ಲಿ ಹಾಗೇ ನಡೆದಿದೆ. ಎದ್ದು, ಸ್ನಾನ ಮಾಡಿ, ಹಾಸಿಗೆಯ ಅಂಚಿನಲ್ಲೇ ಕೂತು ಚಿಕ್ಕ ಪೂಜೆ, ಪಾದೋದಕದ ಜೊತೆ ಗುಳಿಗೆ. ಯಜಮಾನರು ಎದ್ದ ಮೇಲೆ, ಹೂ ಬಂದ ಮೇಲೆ, ಅತ್ತೆಯ ಮಣೆ ಹಾಕಿಕೊಂಡು ದೊಡ್ಡ ಪೂಜೆ. ಜ್ವರ ಬಂದರೆ ತಾವೇ ಎರಡರಷ್ಟು ತಗೊಂಡು, ತಗೊಂಡೆ ಎಂದು ಬೀದಿಗೆಲ್ಲ ಸಾರುತ್ತಾರೆ.

ನಾನೂ ಒಂದು ಪಾಠ ಕಲಿತೆ. ಅಮ್ಮನಿಗೆ ಫೋನ್ ಮಾಡಿದಾಗ ಗುಳಿಗೆಯ ಮಾತೇ ಎತ್ತುವುದಿಲ್ಲ, ಕೆಣಕುತ್ತೇನೆ. ಹರಿಹರದವರಿಗೆ ಎಣ್ಣೆಗಾಯಿ ಮಾಡಲು ಬರಲ್ಲ ಅನ್ನುತ್ತೇನೆ. ನಿಮ್ಮ ಕಿರಿ ಸೊಸೆ ನಿಮಗಿಂತ ಜಾಣೆ ಅನ್ನುತ್ತೇನೆ. ಆ ಕಡೆಯಿಂದ ನನ್ನ ವಂಶವನ್ನೆಲ್ಲ ಸೇರಿಸಿ ಬೈಗುಳ ಬಂತೆಂದರೆ ಆ ವಾರದ ಆರೋಗ್ಯ ತಪಾಸಣೆ ಮುಗಿಯಿತು.

ಮೊನ್ನೆ ಬೆಳಿಗ್ಗೆ ಕಟ್ಟೆಯ ಮೇಲೆ ಅವ್ವನ ಪಕ್ಕ ಕೂತು ಫೋನ್ ಮಾಡಿದೆ. “ಅಮ್ಮಾ, ನಿಮ್ಮ ಹೊಳೆ ನೀರಿಗಿಂತ ನಮ್ಮ ನಿಟ್ಟುವಳ್ಳಿ ಬೋರ್‌ವೆಲ್ ನೀರೇ ರುಚಿ ಅಂತ ನಮ್ಮವ್ವ ಹೇಳ್ತಾಳೆ.”

ಆ ಕಡೆಯಿಂದ ಮೆಲ್ಲಗೆ, “ಹೂಂ ಕಣವ್ವ. ನೀ ಹೇಳಿದಂಗೇ ಆಗ್ಲಿ.”

“ಅಮ್ಮಾ! ಸೊಸೆಗೆ ಫೋನ್ ಕೊಡಿ! ಡಬ್ಬಿ ಎಲ್ಲೈತೆ?” ಎಂದು ಕೂಗುತ್ತಲೇ ಸ್ಕೂಟರಿನ ಕೀಲಿ ಹುಡುಕಿದೆ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದು ಕಾಲಿಗೆ ಅವ್ವನ ಚಪ್ಪಲಿ ಸಿಕ್ಕಿಸಿಕೊಂಡು ಗೇಟಿನವರೆಗೂ ಓಡಿದ್ದೆ. ಆಗ ಫೋನಿನಲ್ಲಿ ಖೊಕ್ಕನೆ ನಗು ಕೇಳಿತು. ಅಮ್ಮನದು, ಹಿಂದೆಯೇ ಸೊಸೆಯದು, ಅದರ ಹಿಂದೆ ಯಜಮಾನರದು ಕೂಡ.

“ಹೆದ್ರಿದ್ಯಾ? ದಿನಾ ನನ್ನ ಕೆಣಕ್ತೀಯಲ್ಲ, ತಗೋ!”

ನಾನು ಗೇಟು ಹಿಡಿದುಕೊಂಡು ನಿಂತು ಆ ಮುದುಕಿಯನ್ನು ಬೈದೆ, ಅಳುತ್ತಲೇ ಬೈದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಅಮ್ಮ ಆ ಕಡೆ ನಗುವುದನ್ನು ನಿಲ್ಲಿಸಿ, “ಅಳಬ್ಯಾಡ್ವೆ ಹುಚ್ಚಿ, ಗುಳಿಗಿ ತಗಂಡೀನಿ, ಚಲೋ ಅದೀನಿ” ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಫೋನ್ ಇಟ್ಟು ಬಂದು ಕಟ್ಟೆಯ ಮೇಲೆ ಕುಸಿದು ಕೂತೆ.

ಅವ್ವ ಒಳಗಿನಿಂದ ಒಂದು ಚೊಂಬು ನೀರು ತಂದುಕೊಟ್ಟಳು. ನನ್ನ ಕಾಲಿನ ಎರಡು ಬಗೆಯ ಚಪ್ಪಲಿ ನೋಡಿದಳು, ಮುಖ ನೋಡಿದಳು. ನನ್ನ ಕಾಲಿನಿಂದ ತನ್ನ ಚಪ್ಪಲಿ ಬಿಚ್ಚಿಕೊಂಡು ಪಕ್ಕಕ್ಕಿಟ್ಟಳು.

“ಆಕಿ ಹುಷಾರದಾಳಾ?” ಅಂದಳು.

“ಅದಾಳೆ.”

“ಹೂಂ” ಎಂದು ಚೊಂಬು ವಾಪಸು ತಗೊಂಡಳು. “ನಿಮ್ಮ ಆಸ್ಪತ್ರೆಯೋರಿಗೆ ಹೇಳು. ಇದಕ್ಕೆ ಈ ಸಂಬಳ ಸಾಲಲ್ಲ.”